ಸರ್ಕಲ್ ಗ್ರಿಡ್ ಮಾರ್ಕಿಂಗ್ ಕಿಟ್, ಆರು ತಿಂಗಳು ಬಳಸಿದ ಮೇಲೆ ಬರೀತಿದೀನಿ

ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಪ್ರೆಸ್ ಶಾಪ್ ಇದೆ, 0.8 ಎಂಎಂ ಸಿಆರ್4 (ಆಳವಾಗಿ ಒತ್ತೋಕೆ ಅಂತಲೇ ಬರೋ ಉಕ್ಕು) ಶೀಟನ್ನ ಡೈಯೊಳಗೆ ಒತ್ತಿ ಮೋಟರ್ ಕವರ್ ಡ್ರಾ ಮಾಡ್ತೀವಿ. ಒಂದು ಕಾಯಿಲ್ (ಶೀಟಿನ ಸುರುಳಿ) ಚೆನ್ನಾಗಿ ಓಡುತ್ತೆ, ಇನ್ನೊಂದು ಹಾಕಿದ ದಿನ ಹತ್ತಕ್ಕೆ ಮೂರು ಪೀಸ್ ಪಂಚ್ ರೇಡಿಯಸ್ (ಒತ್ತೋ ಅಚ್ಚಿನ ದುಂಡಗಿನ ಅಂಚು) ಹತ್ರ ಹರ್ಕೊಂಡು ಬರುತ್ತೆ, ನಾವು ಶೀಟ್ ಸರಿ ಇಲ್ಲ ಅಂತೀವಿ, ಡೀಲರ್ ಡೈ ಸರಿ ಇಲ್ಲ ಅಂತಾರೆ, ಎರಡು ವರ್ಷ ಇದೇ ಜಗಳ. ಅದಕ್ಕೇ, ಒತ್ತಿದಾಗ ಶೀಟ್ ಎಲ್ಲಿ ಎಷ್ಟು ಎಳ್ಕೊಳ್ಳುತ್ತೆ ಅಂತ ಅಳೆಯೋಕೆ ಈ ಕಿಟ್ ತಗೊಂಡಿದ್ದು.

ಕೆಲಸ ಸುಲಭ. ಬ್ಲ್ಯಾಂಕ್ (ಒತ್ತೋಕೆ ಮುಂಚೆ ಕತ್ತರಿಸಿಟ್ಟ ಶೀಟ್ ತುಂಡು) ಮೇಲಿನ ಎಣ್ಣೆ ಚೆನ್ನಾಗಿ ಒರೆಸಿ, ಸ್ಟೆನ್ಸಿಲ್ ಹಾಸಿ, ಎಲೆಕ್ಟ್ರೋಲೈಟಲ್ಲಿ ನೆನೆಸಿದ ಫೆಲ್ಟ್ ಇಟ್ಟು ಕರೆಂಟ್ ಕೊಟ್ರೆ 2.5 ಎಂಎಂ ಸರ್ಕಲ್‌ಗಳು ಮೂಡುತ್ತೆ. ದಿನಾ ಹಾಕೋ ಆಯಿಲೇ ಹಾಕಿ ಪ್ರೆಸ್ ಮಾಡಿ, ಸರ್ಕಲ್ ಎಳ್ಕೊಂಡು ಮೊಟ್ಟೆ ಆಕಾರ ಆಗಿರುತ್ತೆ, ಉದ್ದ ಅಗಲ ಅಳೆದು ಫಾರ್ಮಿಂಗ್ ಲಿಮಿಟ್ ಕರ್ವ್ (ಶೀಟ್ ಹರಿಯೋಕೆ ಮುಂಚೆ ಎಷ್ಟು ಎಳೆತ ತಡೆಯುತ್ತೆ ಅಂತ ತೋರಿಸೋ ಗೆರೆ) ಮೇಲೆ ಚುಕ್ಕೆ ಇಡೋದು. ಈ ಕರ್ವ್‌ನ ಬಲಭಾಗ (ಸರ್ಕಲ್ ಅಗಲವೂ ಹಿಗ್ಗೋ ಕಡೆ) 1960ರ ದಶಕದಲ್ಲಿ ಕೀಲರ್ ಅನ್ನೋ ಸಂಶೋಧಕರು ಕೊಟ್ಟಿದ್ದು, ಎಡಭಾಗ (ಅಗಲ ಕುಗ್ಗೋ ಕಡೆ) 1968ರಲ್ಲಿ ಗುಡ್ವಿನ್ ಅನ್ನೋರು ಸೇರಿಸಿದ್ದು. ಕ್ರ್ಯಾಕ್ ಹಾದುಹೋಗಿರೋ ಸರ್ಕಲ್ ಅಳೀಬೇಡಿ, ಪಕ್ಕದ್ದು ಅಳೀರಿ.

ನಮ್ಗೆ ಗೊತ್ತಾಗಿದ್ದೇನಂದ್ರೆ, ಹರೀದೇ ಪಾಸ್ ಆದ ಪೀಸಲ್ಲೂ ಸರ್ಕಲ್ ಉದ್ದ 3.3 ಎಂಎಂ, ಅಗಲ ಮಾತ್ರ 2.5 ಹಾಗೇ ಇದೆ. ಅಂದ್ರೆ ಒಂದೇ ದಿಕ್ಕಿಗೆ 32% ಎಳೆತ, ಕರ್ವ್ ಅತಿ ಕೆಳಗಿರೋ ಜಾಗ ಅದೇ. ನಮ್ಮ ಶೀಟಿನ ಸರ್ಟಿಫಿಕೇಟಲ್ಲಿ ಎನ್ ವ್ಯಾಲ್ಯೂ (ಎಳೆದಷ್ಟೂ ಶೀಟ್ ಎಷ್ಟು ಗಟ್ಟಿಯಾಗುತ್ತೆ ಅನ್ನೋ ಅಳತೆ) 0.21, ಈ ದಪ್ಪಕ್ಕೆ ಅಲ್ಲಿ ಲಿಮಿಟ್ ಬರೋದೇ ಸುಮಾರು 34.6%. ಎನ್ 0.19 ಇರೋ ಕಾಯಿಲ್ ಬಂದ್ರೆ ಲಿಮಿಟ್ 31ರ ಹತ್ರ ಇಳಿಯುತ್ತೆ, ಹರೀದೆ ಇನ್ನೇನಾಗುತ್ತೆ? ಇಷ್ಟು ದಿನ ಅಂಚಲ್ಲೇ ಓಡಿಸ್ತಿದ್ವಿ, ಡೀಲರ್‌ನ ಸುಮ್ನೆ ಬೈದಿದ್ವಿ, ಆಮೇಲೆ ಹೋಗಿ ಸಾರಿ ಕೇಳ್ದೆ. ಪಂಚ್ ರೇಡಿಯಸ್ ದೊಡ್ಡದು ಮಾಡಿ, ಬ್ಲ್ಯಾಂಕ್ ಮೂಲೆ ಕತ್ತರಿಸಿ, ಅದರ ಅಂಚು ಒತ್ತಿ ಹಿಡಿಯೋ ಹೋಲ್ಡರ್ ಪ್ರೆಶರ್ ಸ್ವಲ್ಪ ಇಳಿಸಿದ್ಮೇಲೆ ಅದೇ ಜಾಗದಲ್ಲಿ 3.1, ಅಂದ್ರೆ 24%. ಲಿಮಿಟ್‌ಗಿಂತ 10 ಪಾಯಿಂಟ್ ಕೆಳಗಿರ್ಬೇಕು ಅಂತಾರಲ್ಲ, ಈಗ ಅಷ್ಟಿದೆ.

ಎರಿಕ್ಸನ್ ಕಪ್ ಟೆಸ್ಟ್ ಸಾಕಲ್ವಾ ಅಂತ ಒಬ್ರು ಕೇಳಿದ್ರು. ಅದು 20 ಎಂಎಂ ಗುಂಡು ಪಂಚಲ್ಲಿ ಶೀಟನ್ನ ಎಲ್ಲಾ ಕಡೆಗೂ ಹಿಗ್ಗಿಸೋ ಟೆಸ್ಟು, ನಮ್ಮ ಕ್ರ್ಯಾಕ್ ಬರೋದು ಒಂದೇ ದಿಕ್ಕಿನ ಎಳೆತಕ್ಕೆ, ಹಾಗಾಗಿ ಕಪ್ ಚೆನ್ನಾಗಿ ಬಂದ್ರೂ ಪೀಸ್ ಹರಿಯುತ್ತೆ.

ಬೇಜಾರು ಅಂದ್ರೆ ಸ್ಟೆನ್ಸಿಲ್, ಹತ್ತಿಪ್ಪತ್ತು ಬ್ಲ್ಯಾಂಕ್ ಆದ್ಮೇಲೆ ಗೆರೆ ದಪ್ಪ ಆಗುತ್ತೆ, 0.1 ಎಂಎಂ ತಪ್ಪಿದ್ರೂ 4% ತಪ್ಪು, ಮತ್ತೆ ಕಿಟ್ಟಲ್ಲಿ ಬರೀ ಪ್ಲಾಸ್ಟಿಕ್ ಸ್ಕೇಲ್ ಕೊಟ್ಟಿದಾರೆ, ಲೆನ್ಸ್ ಇಲ್ಲ. ಮಾರಿದವ್ರಿಗೆ ಹೊಸ ಸ್ಟೆನ್ಸಿಲ್ ಕೇಳಿ ಮೂರು ವಾರ ಕಾದೆ, ಅದಕ್ಕೇ ಒಂದು ಸ್ಟಾರ್ ಕಟ್. ಮಾರ್ಕ್ ಆದ ತಕ್ಷಣ ನ್ಯೂಟ್ರಲೈಸರ್ ಹಾಕಿ ಒರೆಸ್ಲೇಬೇಕು, ಬಿಟ್ರೆ ಬೆಳಿಗ್ಗೆ ಹೊತ್ತಿಗೆ ತುಕ್ಕು.