ಆರ್‌ನಲ್ಲಿ ಕೆಲಸ ಮಾಡುವವರೇ, ‘56 ಥ್ರೆಡ್’ ಎಂಬ ಮಾತು ನಂಬಿ ಕಂಪ್ಯೂಟರ್ ಕೊಳ್ಳಬೇಡಿ

ಪಿಎಚ್‌ಡಿ ಮಾಡುತ್ತಿರುವವರು, ಸಣ್ಣ ಸಂಶೋಧನಾ ತಂಡದವರು, ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಂಕಿಅಂಶದ ಕೆಲಸ ಮಾಡುವವರು ಯಾರಾದರೂ ಹೊಸ ಕಂಪ್ಯೂಟರ್ ನೋಡುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಮ್ಮ ತಂಡಕ್ಕೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಾವು ಆರೋಗ್ಯ ಸಮೀಕ್ಷೆಗಳ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರು. ಜಾಸ್ತಿ ಬಳಸುವುದು ಎನ್‌ಎಫ್‌ಎಚ್‌ಎಸ್-5, ಅಂದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 707 ಜಿಲ್ಲೆಗಳು, 7,24,115 ಮಹಿಳೆಯರ ಸಂದರ್ಶನ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಎಳೆದಾಡಿ ಎಲ್ಲರಿಗೂ ಸಾಕಾಗಿತ್ತು. ಸ್ವಲ್ಪ ಅನುದಾನ ಬಂದಾಗ ಒಂದು ಒಳ್ಳೆ ಡೆಸ್ಕ್‌ಟಾಪ್ ತೆಗೆದುಕೊಳ್ಳೋಣ ಎಂದು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ನಮ್ಮ ಕೆಲಸ ಏನು, ಯಾವ ಸಾಫ್ಟ್‌ವೇರ್, ಡೇಟಾ ಎಷ್ಟು ದೊಡ್ಡದು ಎಂದು ಅಂಗಡಿಯವರಿಗೆ ಬಿಡಿಸಿ ಹೇಳಿದೆವು.

‘ಸರ್, ನಿಮಗೆ ಮಾಮೂಲಿ ಐ5, ಐ7 ಎಲ್ಲ ಸಾಲಲ್ಲ. ಇದು ಸರ್ವರ್ ಪ್ರೊಸೆಸರ್, ಎರಡು ಹಾಕಿದ್ದೀವಿ. 28 ಕೋರ್, 56 ಥ್ರೆಡ್. ಡೇಟಾ ಕೆಲಸದವರೆಲ್ಲ ಇದನ್ನೇ ತಗೊಳ್ಳೋದು’ ಎಂದರು. (ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ, ಥ್ರೆಡ್ ಅಂದರೆ ಅದು ಹಿಡಿದುಕೊಳ್ಳುವ ಕೆಲಸದ ಒಂದು ಸಾಲು.) ಹೊಸದಾ ಎಂದು ಕೇಳಿದ್ದಕ್ಕೆ ‘ಪೂರ್ತಿ ಹೊಸ ಸೆಟಪ್’ ಎಂದರು. ಬಿಲ್ಲಿನಲ್ಲಿ ಬರೆದದ್ದು ‘ಇಂಟೆಲ್ ಜಿಯಾನ್ ವರ್ಕ್‌ಸ್ಟೇಷನ್’ ಅಷ್ಟೇ.

ಯಂತ್ರ ತಂದು ಮೊದಲ ದಿನವೇ ನಮ್ಮ ಮಾಮೂಲಿ ಕೆಲಸ ಕೊಟ್ಟೆವು. ಜಿಲ್ಲೆಯನ್ನು ಒಂದು ಹಂತವಾಗಿ ಇಟ್ಟ ಮಲ್ಟಿಲೆವೆಲ್ ಮಾಡೆಲ್, ಆರ್‌ಗೆ ಸೇರಿಸಿಕೊಳ್ಳುವ ಎಲ್‌ಎಂಇ4 ಎಂಬ ಪ್ಯಾಕೇಜಿನಲ್ಲಿ. ಸಂಜೆ ಓಡಿಸಿ ಹೋದದ್ದು ಬೆಳಿಗ್ಗೆ ಬಂದಾಗಲೂ ಮುಗಿದಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಪರದೆಯ ತುಂಬ 56 ಚಿಕ್ಕ ಚೌಕಗಳು. ಒಂದರಲ್ಲಿ ಗೆರೆ ಮೇಲಕ್ಕೆ ಹೋಗುತ್ತೆ, ಇಳಿಯುತ್ತೆ, ಆಮೇಲೆ ಇನ್ನೊಂದರಲ್ಲಿ ಏಳುತ್ತೆ. ಉಳಿದವೆಲ್ಲ ನೆಲಕ್ಕೆ ಅಂಟಿಕೊಂಡಿವೆ. ಒಟ್ಟು ಸಿಪಿಯು ಬಳಕೆ ಎಂಬಲ್ಲಿ 2% ಎಂದು ತೋರಿಸುತ್ತಿತ್ತು.

ಅದು ಕೆಟ್ಟಿರಲಿಲ್ಲ. 56ರಲ್ಲಿ ಒಂದು ಮಾತ್ರ ದುಡಿದರೆ ಲೆಕ್ಕ ಬರುವುದೇ 1.8%. ಆರ್ ತನ್ನಷ್ಟಕ್ಕೆ ಬಿಟ್ಟರೆ ಒಂದೇ ಥ್ರೆಡ್‌ನಲ್ಲಿ ಕೆಲಸ ಮಾಡುತ್ತದೆ. ನೀವು ಬರೆದ ಲೂಪ್, ಜಿಎಲ್‌ಎಂ ಎಂಬ ರಿಗ್ರೆಷನ್ ಮಾಡೆಲ್, ಎಲ್‌ಎಂಇ4 ಮಾಡೆಲ್, ಹೆಚ್ಚಿನ ಹಳೆ ಪ್ಯಾಕೇಜುಗಳು, ಎಲ್ಲವೂ ಹೀಗೇ. ಮಾಡೆಲ್ ಒಂದೊಂದು ಹೆಜ್ಜೆ ಇಟ್ಟು ಉತ್ತರಕ್ಕೆ ಹತ್ತಿರವಾಗುವಾಗ ಈ ಹೆಜ್ಜೆ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ ಅಲ್ವಾ? ಅಲ್ಲಿ ಬೇಕಾಗುವುದು ಒಂದು ಕೋರಿನ ವೇಗ.

ಆಮೇಲೆ ಒಳಗಿನ ಚಿಪ್ ಯಾವುದೆಂದು ತೋರಿಸುವ ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದೆವು. ಒಳಗಿದ್ದದ್ದು ಜಿಯಾನ್ ಇ5-2680 ವಿ4. 2016ರಲ್ಲಿ ಬಂದ ಚಿಪ್. ಒಂದರಲ್ಲಿ 14 ಕೋರ್, ಮೂಲ ವೇಗ 2.4 ಗಿಗಾಹರ್ಟ್ಜ್, ತುಂಬಾ ಅಂದರೆ 3.3. ದೊಡ್ಡ ಕಂಪನಿಗಳು ಸರ್ವರ್ ಬದಲಿಸಿದಾಗ ಹೊರಗೆ ಹಾಕಿದ ಇಂಥ ಚಿಪ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬರುತ್ತವೆ. ಅವನ್ನು ಹೊಸ ಮದರ್‌ಬೋರ್ಡ್, ಹೊಸ ಕ್ಯಾಬಿನೆಟ್, ಬಣ್ಣದ ಫ್ಯಾನ್ ಜೊತೆ ಸೇರಿಸಿ ‘ವರ್ಕ್‌ಸ್ಟೇಷನ್’ ಎಂದು ಮಾರುತ್ತಾರೆ. ಹಳೆಯದು ಎಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ನಮಗೆ ಹೇಳಲಿಲ್ಲ, ಕೇಳಿದಾಗಲೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಹೋಲಿಸಿ ನೋಡೋಣ ಎಂದು ಗೆಳೆಯರೊಬ್ಬರ ಮನೆಯ ಡೆಸ್ಕ್‌ಟಾಪಿನಲ್ಲಿ ಅದೇ ಕೋಡ್ ಓಡಿಸಿದೆವು. ಅವರದು ಐ5-12400, 2022ರ ಆರು ಕೋರಿನ ಸಾಮಾನ್ಯ ಪ್ರೊಸೆಸರ್, ನಮ್ಮದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಯಂತ್ರ. ಸುಮಾರು ಅರ್ಧ ಸಮಯದಲ್ಲಿ ಕೆಲಸ ಮುಗಿಯಿತು. ಅದರ ಮೇಲಿನ ವೇಗ 4.4 ಗಿಗಾಹರ್ಟ್ಜ್. ವ್ಯತ್ಯಾಸ ಬರೀ ಗಿಗಾಹರ್ಟ್ಜ್‌ನದಲ್ಲ. ಹೊಸ ಕೋರ್ ಒಂದೊಂದು ಸುತ್ತಿನಲ್ಲೂ ಹೆಚ್ಚು ಕೆಲಸ ಮಾಡುತ್ತದೆ. ಹಾಗಾಗಿ ಬೇರೆ ಬೇರೆ ಕಾಲದ ಚಿಪ್‌ಗಳ ಗಿಗಾಹರ್ಟ್ಜ್ ಪಕ್ಕಪಕ್ಕ ಇಟ್ಟು ನೋಡಿದರೂ ಮೋಸ ಹೋಗುತ್ತೀರಿ.

ಅಂಗಡಿಗೆ ಫೋನ್ ಮಾಡಿದರೆ ‘ಪ್ಯಾರಲಲ್ ಆಗಿ ಓಡಿಸಿ ಸರ್’ ಎಂದರು, ಅಂದರೆ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಿ ಒಟ್ಟಿಗೆ ಓಡಿಸಿ ಎಂದು. ಈ ಮಾತು ನಿಮಗೂ ಹೇಳುತ್ತಾರೆ, ಅದಕ್ಕೆ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆರ್ ಜೊತೆಗೇ ಪ್ಯಾರಲಲ್ ಎಂಬ ಪ್ಯಾಕೇಜ್ ಬರುತ್ತದೆ, ನಿಜ. ಆದರೆ ವಿಂಡೋಸ್‌ನಲ್ಲಿ ಅದು ಪ್ರತಿ ‘ಕೆಲಸಗಾರ’ನಿಗೂ (ಹಂಚಿದ ಕೆಲಸದ ಒಂದೊಂದು ಪಾಲು ಮಾಡುವ ಪ್ರೋಗ್ರಾಮ್‌ಗೂ) ಬೇರೆಯೇ ಒಂದು ಆರ್ ತೆರೆಯುತ್ತದೆ, ಪ್ರತಿಯೊಂದಕ್ಕೂ ಡೇಟಾದ ಬೇರೆ ಪ್ರತಿ ಬೇಕು. ಈಗ ಲೆಕ್ಕ ಹಾಕಿ. ಆರ್‌ನಲ್ಲಿ ಒಂದು ದಶಮಾಂಶ ಸಂಖ್ಯೆಗೆ 8 ಬೈಟ್. 7.24 ಲಕ್ಷ ಸಾಲಿನ ಒಂದು ಕಾಲಂ ಅಂದರೆ ಸುಮಾರು 58 ಲಕ್ಷ ಬೈಟ್, 5.8 ಎಂಬಿ. ಎನ್‌ಎಫ್‌ಎಚ್‌ಎಸ್ ಮಹಿಳೆಯರ ಫೈಲಿನಲ್ಲಿ ಕಾಲಂಗಳು ಸಾವಿರಾರು. ಅದರಲ್ಲಿ ಒಂದು ಸಾವಿರ ಇಟ್ಟುಕೊಂಡರೂ 5.8 ಜಿಬಿ. ಬೇಕಾದ ಕಾಲಂ ಮಾತ್ರ ಆರಿಸಿ ಅರ್ಧ ಜಿಬಿಗೆ ಇಳಿಸಿದಿರಿ ಅನ್ನಿ. ಮಾಡೆಲ್ ಓಡುವಾಗ ನಡುವೆ ಹುಟ್ಟುವ ಪ್ರತಿಗಳು ಸೇರಿ ಒಬ್ಬೊಬ್ಬ ಕೆಲಸಗಾರ 2-3 ಜಿಬಿ ತಿನ್ನುತ್ತಾನೆ. 28 ಮಂದಿಗೆ 2.5 ಜಿಬಿಯಂತೆ 70 ಜಿಬಿ ಆಯಿತು. ನಮ್ಮ ಯಂತ್ರದಲ್ಲಿದ್ದದ್ದು 64. ರ‍್ಯಾಮ್ ತುಂಬಿ, ಡಿಸ್ಕ್‌ಗೆ ಬರೆಯಲು ಶುರುವಾಗಿ, ಮೌಸ್ ಕೂಡ ಅಲುಗಾಡದೆ ನಿಂತಿತು.

ಥ್ರೆಡ್ ಲೆಕ್ಕ ಬೇರೆ. 56 ಥ್ರೆಡ್ ಅಂದರೆ 56 ಕೋರ್ ಅಲ್ಲ. ಒಂದೇ ಕೋರನ್ನು ಇಬ್ಬರು ಹಂಚಿಕೊಳ್ಳುವುದು ಅದು. ಭಾರೀ ಲೆಕ್ಕ ನಡೆಯುವಾಗ ಎರಡನೇ ಥ್ರೆಡ್‌ನಿಂದ ಸಿಗುವ ಲಾಭ ಸ್ವಲ್ಪವೇ, ಕೆಲವು ಸಲ ಏನೂ ಇಲ್ಲ. ಆರ್‌ನಲ್ಲಿ ಕೋರ್ ಎಣಿಸಲು ಇರುವ ಡಿಟೆಕ್ಟ್‌ಕೋರ್ಸ್ ಕೂಡ ವಿಂಡೋಸ್‌ನಲ್ಲಿ ಸುಮ್ನೆ ಕೇಳಿದರೆ ಥ್ರೆಡ್ ಎಣಿಸಿ ಹೇಳುತ್ತದೆ. ಅದನ್ನು ನಂಬಿ ಅಷ್ಟೂ ಕೆಲಸಗಾರರನ್ನು ಎಬ್ಬಿಸಬೇಡಿ.

ಹಾಗಂತ ಜಾಸ್ತಿ ಕೋರ್ ಯಾರಿಗೂ ಬೇಡ ಎನ್ನುತ್ತಿಲ್ಲ. ಸಣ್ಣ ಡೇಟಾ ಇಟ್ಟುಕೊಂಡು ಸಾವಿರಾರು ಸಲ ಬೂಟ್‌ಸ್ಟ್ರ್ಯಾಪ್ (ಅದೇ ಡೇಟಾದಿಂದ ಮತ್ತೆ ಮತ್ತೆ ಮಾದರಿ ಎತ್ತಿ ಲೆಕ್ಕ ಹಾಕುವುದು) ಮಾಡುವವರಿಗೆ, ಸಿಮ್ಯುಲೇಷನ್ ಮಾಡುವವರಿಗೆ ಕೋರ್ ಎಷ್ಟಿದ್ದರೂ ಉಪಯೋಗ. ರೇಂಜರ್ ಪ್ಯಾಕೇಜಿನಲ್ಲಿ ರ‍್ಯಾಂಡಮ್ ಫಾರೆಸ್ಟ್ (ನೂರಾರು ನಿರ್ಧಾರ ವೃಕ್ಷ ಸೇರಿದ ಮಾಡೆಲ್) ಬೆಳೆಸುವವರಿಗೂ ಅಷ್ಟೇ. ಬೇಸಿಯನ್ ಮಾಡೆಲ್‌ಗೆ ಸ್ಟ್ಯಾನ್ ಎಂಬ ಸಾಫ್ಟ್‌ವೇರ್ ಬಳಸುವವರು ಸಾಮಾನ್ಯವಾಗಿ ನಾಲ್ಕು ಚೈನ್ (ಒಂದೇ ಲೆಕ್ಕದ ನಾಲ್ಕು ಬೇರೆ ಬೇರೆ ಓಟ) ಓಡಿಸುತ್ತಾರೆ, ಅಲ್ಲಿಗೆ ನಾಲ್ಕು ಒಳ್ಳೆ ಕೋರ್ ಸಾಕು. ನಿಮ್ಮ ವಾರದ ಕೆಲಸದಲ್ಲಿ ಯಾವುದು ಜಾಸ್ತಿ ಹೊತ್ತು ಹಿಡಿಯುತ್ತದೆ ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ. ಹಳೆ ಜಿಯಾನ್‌ನಲ್ಲಿ ಇಸಿಸಿ ರ‍್ಯಾಮ್ ಹಾಕಬಹುದು, ಮೆಮೊರಿಯಲ್ಲಿ ಒಂದು ಬಿಟ್ ತಿರುವುಮುರುವಾದರೆ ಅದು ಸರಿಪಡಿಸುತ್ತದೆ. ದಿನಗಟ್ಟಲೆ ಓಡುವ ಲೆಕ್ಕಕ್ಕೆ ಅದು ನಿಜವಾದ ಗುಣ. ಆದರೆ ಇದೇ ಚಿಪ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಬಳಸುವವರಿಗೆ ಈ ತೊಂದರೆ ಇಲ್ಲ.

ಲ್ಯಾಪ್‌ಟಾಪ್ ಕೊಳ್ಳುವವರಿಗೂ ಒಂದು ಮಾತು. ‘ಐ7’ ಎಂಬ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ. ಐ7-1255ಯು ತೆಗೆದುಕೊಳ್ಳಿ: ಹತ್ತು ಕೋರ್ ಎನ್ನುತ್ತಾರೆ. ಅದರಲ್ಲಿ ವೇಗದ ಕೋರ್ ಎರಡೇ, ಉಳಿದ ಎಂಟು ಕರೆಂಟ್ ಉಳಿಸುವ ಚಿಕ್ಕ ಕೋರ್. ಕೊನೆಯ ‘ಯು’ ಅಂದರೆ 15 ವ್ಯಾಟ್‌ನ ತೆಳು ಲ್ಯಾಪ್‌ಟಾಪ್ ಚಿಪ್, ತಾಸುಗಟ್ಟಲೆ ಮಾಡೆಲ್ ಓಡಿಸಿದರೆ ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ. ಎಎಂಡಿಯಲ್ಲಿ 7000 ಸರಣಿಯ ಲ್ಯಾಪ್‌ಟಾಪ್ ಚಿಪ್ ಆದರೆ ಮೂರನೇ ಅಂಕಿ ನೋಡಿ. ಝೆನ್ ಅಂದರೆ ಎಎಂಡಿ ಕೋರ್ ವಿನ್ಯಾಸದ ಹೆಸರು, ಅದರ ಪಕ್ಕದ ಅಂಕಿ ದೊಡ್ಡದಾದಷ್ಟು ಹೊಸದು. 7520ಯು ಎಂಬುದರಲ್ಲಿ ಇರುವುದು ಝೆನ್ 2, 7730ಯು ಅಂದರೆ ಝೆನ್ 3, 7840 ಇದ್ದರೆ ಝೆನ್ 4. ಎಲ್ಲದರ ಮುಂದೆಯೂ 7 ಇದ್ದರೂ ಒಳಗಿನ ತಲೆಮಾರು ಬೇರೆ ಬೇರೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ 13 ಅಥವಾ 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಚಿಪ್ ಅಗ್ಗಕ್ಕೆ ಸಿಕ್ಕರೆ ಇನ್ನೂ ಹುಷಾರಾಗಿರಿ. 13900ಕೆ, 14900ಕೆ ಮುಂತಾದವು ಹೆಚ್ಚಿನ ವೋಲ್ಟೇಜ್‌ನಿಂದ ಹಾಳಾಗುತ್ತಿವೆ ಎಂದು 2024ರಲ್ಲಿ ಇಂಟೆಲ್ ಕಂಪನಿಯೇ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರುವ, ಚಿಪ್ಪಿನ ಒಳಗಿನ ಸೂಚನೆಗಳ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಬಯಾಸ್ ಅಪ್‌ಡೇಟ್ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಕೆಟ್ಟ ಚಿಪ್ಪನ್ನು ಸರಿಮಾಡುವುದಿಲ್ಲ. ಹಿಂದೆ ಯಾರು ಹೇಗೆ ಓಡಿಸಿದ್ದರೋ ನಮಗೆ ಗೊತ್ತಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಮೀಕ್ಷೆ ಡೇಟಾದ ಕೆಲಸಕ್ಕೆ ಆರರಿಂದ ಎಂಟು ಪೂರ್ಣ ವೇಗದ ಹೊಸ ಕೋರ್, 64 ಜಿಬಿ ರ‍್ಯಾಮ್ ಎರಡು ಸ್ಟಿಕ್‌ನಲ್ಲಿ, ಒಂದು ಎನ್‌ವಿಎಂಇ ಡಿಸ್ಕ್ (ವೇಗದ ಎಸ್‌ಎಸ್‌ಡಿ). ರೈಜೆನ್ 5 7600 ಅಥವಾ ಅದರ ಸಮದ ಇಂಟೆಲ್ ಸಾಕು. ಪ್ರೊಸೆಸರ್‌ನಲ್ಲಿ ಉಳಿಸಿದ್ದನ್ನು ರ‍್ಯಾಮ್‌ಗೆ ಹಾಕಿ. ಮ್ಯಾಟ್ರಿಕ್ಸ್ ಲೆಕ್ಕ ಜಾಸ್ತಿ ಇರುವವರು ದುಡ್ಡು ಖರ್ಚು ಮಾಡುವ ಮುಂಚೆ ಇನ್ನೊಂದು ನೋಡಿ: ವಿಂಡೋಸ್‌ನ ಆರ್ ಜೊತೆ ಬರುವ, ಮ್ಯಾಟ್ರಿಕ್ಸ್ ಲೆಕ್ಕ ಮಾಡುವ ಬ್ಲಾಸ್ ಲೈಬ್ರರಿ ಒಂದೇ ಥ್ರೆಡ್‌ನದು, ನಿಧಾನ. ಉಬುಂಟು ಎಂಬ ಲಿನಕ್ಸ್ ಹಾಕಿ, ಬ್ಲಾಸ್‌ನ ವೇಗದ ರೂಪವಾದ ಓಪನ್‌ಬ್ಲಾಸ್ ಸೇರಿಸಿಕೊಂಡರೆ ಇರುವ ಯಂತ್ರವೇ ಆ ಲೆಕ್ಕಗಳಲ್ಲಿ ಹಲವು ಪಟ್ಟು ಓಡುತ್ತದೆ. ಕಾಸು ಖರ್ಚಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಕೋಡ್ ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಜನರ ಡೇಟಾ ಮಾತ್ರ ಒಯ್ಯಬೇಡಿ, ಅದನ್ನು ಬೇರೆಯವರ ಯಂತ್ರದಲ್ಲಿ ಬಿಟ್ಟುಬರುವ ಹಕ್ಕು ನಮಗಿಲ್ಲ. ಅಷ್ಟೇ ಸಾಲು, ಅಷ್ಟೇ ಕಾಲಂನ ಸುಳ್ಳು ಡೇಟಾ ಆರ್‌ನಲ್ಲೇ ಹುಟ್ಟಿಸಿ, ಸಮಯ ಅಳೆಯುವ ಸಿಸ್ಟಮ್.ಟೈಮ್ ಒಳಗೆ ಮಾಡೆಲ್ ಓಡಿಸಿ, ‘ಇಲ್ಯಾಪ್ಸ್ಡ್’ ಎಂದು ಬರುವ ಸೆಕೆಂಡ್ ಬರೆದುಕೊಳ್ಳಿ. ಎರಡು ಯಂತ್ರಗಳಲ್ಲಿ ಮಾಡಿ ನೋಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ನಮ್ಮ ಯಂತ್ರವನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಪ್ರೊಸೆಸರ್‌ಗೆ ಇರುವುದು ‘ಟೆಸ್ಟಿಂಗ್ ವಾರಂಟಿ’ ಮಾತ್ರ, ಓಡುತ್ತಿದೆಯಲ್ಲ ಎಂದರು. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಇಲ್ಲದ್ದರಿಂದ ಏನು ಹೇಳಿ ಮಾರಿದರು ಎಂದು ತೋರಿಸಲು ನಮ್ಮ ಕೈಯಲ್ಲಿ ಕಾಗದವೇ ಇರಲಿಲ್ಲ. ಅದಕ್ಕೇ ದುಡ್ಡು ಕೊಡುವ ಮುಂಚೆ ಬಿಲ್ಲಿನಲ್ಲಿ ಇಷ್ಟು ಬರೆಸಿ: ಪ್ರೊಸೆಸರ್‌ನ ಪೂರ್ತಿ ಮಾಡೆಲ್ ನಂಬರ್, ಹೊಸದೋ ಬಳಸಿದ್ದೋ, ಬಾಕ್ಸ್ ಪೀಸೋ (ಕಂಪನಿಯ ಡಬ್ಬಿಯಲ್ಲಿ ಬಂದದ್ದು) ಟ್ರೇ ಪೀಸೋ (ಡಬ್ಬಿಯಿಲ್ಲದೆ ಬಿಡಿಯಾಗಿ ಬಂದದ್ದು), ವಾರಂಟಿ ಎಷ್ಟು ತಿಂಗಳು, ಅದನ್ನು ಕೊಡುವುದು ಕಂಪನಿಯೋ ಅಂಗಡಿಯೋ. ಟ್ರೇ ಪೀಸ್‌ಗೆ ಇಂಟೆಲ್ ನೇರವಾಗಿ ವಾರಂಟಿ ಕೊಡುವುದಿಲ್ಲ, ಮಾರಿದವರೇ ಹೊಣೆ. ಅಷ್ಟು ಬರೆಸಿಕೊಂಡ ಮೇಲೂ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದೇ ಬಿಲ್ಲನ್ನು.