ಕಾನ್, ಕಿಂಗ್, ಬುಶರ್, ಮಾರ್ಟಿನ್: ನಾಲ್ಕು ಹಳೆಯ ಅಮೆರಿಕನ್ ಟೆನರ್‌ಗಳನ್ನು ಊದಿ ನೋಡಿದ ಮೇಲೆ

ಹಳೆಯ ಅಮೆರಿಕನ್ ಟೆನರ್ ಸ್ಯಾಕ್ಸೊಫೋನ್ ಕೈಗೆ ಸಿಕ್ಕರೆ ಮೊದಲು ಜೋರಾಗಿ ಊದಬೇಡಿ. ಮಂದ್ರದ ಕೊನೆಯ ಮೂರು ನಾಲ್ಕು ಸ್ವರಗಳನ್ನು ಆದಷ್ಟು ಮೆತ್ತಗೆ ಹಿಡಿದು ನೋಡಿ. ಜೋರಾಗಿ ಊದಿದರೆ ಎಂಥ ಸ್ಯಾಕ್ಸ್ ಆದರೂ ದನಿ ಕೊಡುತ್ತದೆ. ಮೆತ್ತಗೆ ಊದಿದಾಗಲೂ ತುಂಬಿದ ದನಿ ಬರುತ್ತದೆಯಾ, ಅದೇ ಪ್ರಶ್ನೆ. ಈ ಹಳೆಯ ವಾದ್ಯಗಳ ಹಿಂದೆ ಇವತ್ತಿಗೂ ಜನ ಬೀಳುವುದು ಅದಕ್ಕೇ ಅನ್ನುವುದು ನನ್ನ ನಂಬಿಕೆ. ನಾಲ್ಕನ್ನು ಅಕ್ಕಪಕ್ಕ ಇಟ್ಟು ನುಡಿಸಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು.

ನಮ್ಮ ಕಡೆ ಸ್ಯಾಕ್ಸ್ ಅಂದರೆ ಆಲ್ಟೊ, ಟೆನರ್‌ಗಿಂತ ಚಿಕ್ಕದು, ದನಿ ಎತ್ತರದ್ದು. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತದ ಕಛೇರಿಗೆ ತಂದದ್ದು ಆಲ್ಟೊವನ್ನೇ. ಕರಾವಳಿಯ ದೇವಸ್ಥಾನಗಳ ಉತ್ಸವದಲ್ಲಿ, ಮದುವೆ ಮನೆಗಳಲ್ಲಿ ಕೇಳುವುದೂ ಅದೇ. ನಾನೂ ಆಲ್ಟೊ ಕಲಿತೇ ಬಂದವನು. ಅದರ ಅತಿ ಕೆಳಗಿನ ಸ್ವರ ಸುಮಾರು 139 ಹರ್ಟ್ಸ್. ಟೆನರ್ 104ರವರೆಗೆ ಇಳಿಯುತ್ತದೆ. ಈ ಅಂತರ ದೊಡ್ಡದಲ್ಲ ಅನಿಸಬಹುದು, ಆದರೆ ಅಷ್ಟರಲ್ಲೇ ದನಿ ಗಂಟಲಿನಿಂದ ಎದೆಗೆ ಇಳಿದಿರುತ್ತದೆ. ಗಂಡಸಿನ ಮಂದ್ರ ಗಾಯನದ ಜಾಗ ಅದು.

ಅಮೆರಿಕದ ಮಧ್ಯಪಶ್ಚಿಮದಲ್ಲಿ ಹಳೆಯ ಊದುವಾದ್ಯ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಈ ನಾಲ್ಕೂ ಒಟ್ಟಿಗೆ ಸಿಕ್ಕವು. ನಾಲ್ಕಕ್ಕೂ ತೂತು ಮುಚ್ಚುವ ಹೊಸ ಪ್ಯಾಡ್ ಹಾಕಿದ್ದರು, ಗಾಳಿ ಸೋರುತ್ತಿರಲಿಲ್ಲ. ಇದು ಮುಖ್ಯ. ಸೋರುವ ವಾದ್ಯವನ್ನು ಊದಿ ಆ ಕಂಪನಿಯೇ ಸರಿಯಿಲ್ಲ ಅನ್ನುವವರು ಜಾಸ್ತಿ. ಎಲ್ಲದಕ್ಕೂ ಒಂದೇ ಮೌತ್‌ಪೀಸ್, ಒಂದೇ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ). ಮೌತ್‌ಪೀಸ್ ಒಳಗೆ ಅಗಲವಾಗಿರುವ ಗಟ್ಟಿ ರಬ್ಬರಿನದು. ಆ ಕಾಲದವರು ಅಂಥ ಅಗಲ ಮೌತ್‌ಪೀಸನ್ನೇ ಮನಸ್ಸಿನಲ್ಲಿಟ್ಟು ಈ ಸ್ಯಾಕ್ಸ್‌ಗಳನ್ನು ಮಾಡಿದ್ದರು. ಈಗಿನ ಇಕ್ಕಟ್ಟಾದ, ಕಿರಿಚುವ ಮೌತ್‌ಪೀಸ್ ಸಿಕ್ಕಿಸಿದರೆ ಶ್ರುತಿ ಅಲ್ಲಲ್ಲಿ ತಪ್ಪುತ್ತದೆ, ಬೈಗುಳ ಮಾತ್ರ ಸ್ಯಾಕ್ಸ್‌ಗೆ ಬೀಳುತ್ತದೆ. ಫೋನಿನಲ್ಲಿ ತಂಬೂರಿ ಹಾಕಿಕೊಂಡೆ. ಮೊದಲು ಮಂದ್ರದ ಉದ್ದ ಸ್ವರಗಳು, ಆಮೇಲೆ ಶಂಕರಾಭರಣದ ಆಲಾಪನೆ, ಕೊನೆಗೆ ಅಲುಗಾಡಿಸಿಯೇ ನುಡಿಸಬೇಕಾದ ತೋಡಿಯ ಗಾಂಧಾರ. ಪಕ್ಕದಲ್ಲಿ ನನ್ನದೇ ಯಮಾಹಾ 62, ಈಗಿನ ಕಾಲದ ಟೆನರ್, ಇತ್ತು, ಹೋಲಿಸಲು.

ಯಮಾಹಾ ಬಗ್ಗೆ ಹೇಳುವುದು ಸ್ವಲ್ಪವೇ. ಕೀಗಳು ಬೆರಳಿಗೆ ಸರಿಯಾಗಿ ಕೂರುತ್ತವೆ, ಪ್ರತಿ ಸ್ವರವೂ ತನ್ನ ಜಾಗದಲ್ಲಿ ಸಿಗುತ್ತದೆ. ಅದರ ಗುಣವೂ ಅದೇ, ನನಗೆ ತೊಡಕೂ ಅದೇ. ಸ್ವರವನ್ನು ತುಟಿಯಲ್ಲಿ ಎಳೆದರೆ ಅದು ಬೇಗ ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ. ಬ್ಯಾಂಡಿನಲ್ಲಿ ಕೂತು ನುಡಿಸುವವರಿಗೆ ಇದು ವರ. ಜಾರು, ಕಂಪಿತದಂಥ ಗಮಕ ಬೇಕು ಅನ್ನುವವರಿಗೆ ಮಾತ್ರ ಅದರ ಜೊತೆ ಸದಾ ಗುದ್ದಾಡಬೇಕು.

ಹಳೆಯ ನಾಲ್ಕರಲ್ಲಿ ಮೂರು ಒಂದೇ ಊರಿನವು. ಇಂಡಿಯಾನಾದ ಎಲ್ಕ್‌ಹಾರ್ಟ್. ಕಾನ್, ಬುಶರ್, ಮಾರ್ಟಿನ್ ಮೂರರ ಕಾರ್ಖಾನೆಗಳೂ ಅಲ್ಲೇ ಇದ್ದವು. ಬುಶರ್ ಕಂಪನಿ ಕಟ್ಟಿದ ಗಸ್ ಬುಶರ್ ಮೊದಲು ಕಾನ್‌ನಲ್ಲೇ ಕೆಲಸ ಮಾಡುತ್ತಿದ್ದವರು. 1880ರ ದಶಕದ ಕೊನೆಗೆ ಅಮೆರಿಕದಲ್ಲಿ ಸ್ಯಾಕ್ಸೊಫೋನ್ ತಯಾರಿಕೆ ಶುರುವಾದದ್ದು ಕಾನ್ ಕಾರ್ಖಾನೆಯಲ್ಲಿ, ಅವರ ಕೈಯಿಂದ. ಕಿಂಗ್ ಮಾತ್ರ ಓಹಾಯೊದ ಕ್ಲೀವ್‌ಲ್ಯಾಂಡಿನದು, ಎಚ್. ಎನ್. ವೈಟ್ ಕಂಪನಿಯದು. 1930, 40ರ ದಶಕಗಳಲ್ಲಿ ದೊಡ್ಡ ಡ್ಯಾನ್ಸ್ ಹಾಲುಗಳಲ್ಲಿ ಹದಿನೈದು ಜನರ ಬ್ಯಾಂಡ್ ಇರುತ್ತಿತ್ತು, ಮೈಕ್ ಇದ್ದರೂ ಹಾಡುವವರಿಗೆ. ಟೆನರ್‌ನವರು ಆ ಗಲಾಟೆಯ ಮೇಲೆ ಸ್ವಂತ ಉಸಿರಿನಲ್ಲೇ ಕೇಳಿಸಬೇಕಿತ್ತು. ಈ ವಾದ್ಯಗಳ ದನಿ ಅಷ್ಟು ಅಗಲವಾಗಿರುವುದು ಸುಮ್ನೆ ಅಲ್ಲ.

ಕಾನ್ 10ಎಂ

ಎರಡನೇ ಮಹಾಯುದ್ಧಕ್ಕೆ ಮುಂಚಿನದು. ಬೆಲ್ (ಸ್ಯಾಕ್ಸ್‌ನ ಅಗಲ ಬಾಯಿ) ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ಒಬ್ಬ ಹೆಂಗಸಿನ ಚಿತ್ರ ಕೆತ್ತಿದ್ದಾರೆ, ಎದೆಯವರೆಗೆ, ಬಟ್ಟೆ ಇಲ್ಲದೆ. ಅದಕ್ಕೇ ಸ್ಯಾಕ್ಸ್ ಲೋಕದಲ್ಲಿ ಇದಕ್ಕೆ ನೇಕೆಡ್ ಲೇಡಿ ಅನ್ನುವ ಅಡ್ಡಹೆಸರು. ನನ್ನ ಕಣ್ಣು ಹೋದದ್ದು ಮಾತ್ರ ಕೊಳವೆಯ ತೂತುಗಳ ಕಡೆ. ಬೇರೆ ಹೆಚ್ಚಿನ ಸ್ಯಾಕ್ಸ್‌ಗಳಲ್ಲಿ ತೂತಿನ ಅಂಚು ನೇರವಾಗಿ ಕತ್ತರಿಸಿದ ಹಾಗೆ ಇರುತ್ತದೆ. ಇಲ್ಲಿ ಅಂಚನ್ನು ಹೊರಕ್ಕೆ ಮಡಿಸಿ ಸುತ್ತಿದ್ದಾರೆ. ಬೆರಳಾಡಿಸಿದರೆ ಚೂಪೇ ಇಲ್ಲ, ನುಣ್ಣಗೆ ಉರುಟು. ಚರ್ಮದ ಪ್ಯಾಡ್ ಅದರ ಮೇಲೆ ಕೂತಾಗ ಗಾಯ ಆಗುವುದಿಲ್ಲ. 1947ರ ಸುಮಾರಿಗೆ ಕಾನ್ ಇದನ್ನು ನಿಲ್ಲಿಸಿತು, ಆಮೇಲಿನವು ನೇರ ಅಂಚಿನವು.

ಮಂದ್ರದಲ್ಲಿ ಇದನ್ನು ಮೀರಿಸುವುದು ಕಷ್ಟ. ಅತಿ ಕೆಳಗಿನ ಸ್ವರವನ್ನು ಉಸಿರು ಬಿಟ್ಟಷ್ಟೇ ಮೆತ್ತಗೆ ಹಿಡಿದೆ. ನೆಲದ ಮರದ ಹಲಗೆ ಕಾಲಿನ ಕೆಳಗೆ ಗುಂಯ್ ಅಂದಿತು. ದನಿ ಒಂದೇ ದಿಕ್ಕಿಗೆ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಜಾಝ್ ವಾದಕ ಡೆಕ್ಸ್‌ಟರ್ ಗಾರ್ಡನ್ 1940, 50ರ ದಶಕಗಳಲ್ಲಿ ನುಡಿಸುತ್ತಿದ್ದದ್ದು 10ಎಂ. ಅವರ ಆ ಕಾಲದ ಧ್ವನಿಮುದ್ರಣಗಳಲ್ಲಿ ಕೇಳುವ, ಆತುರವೇ ಇಲ್ಲದ ಆ ದಪ್ಪ ದನಿ ಎಲ್ಲಿಂದ ಬಂತು ಅನ್ನುವುದು ಈ ವಾದ್ಯ ಕೈಯಲ್ಲಿದ್ದಾಗ ಅರ್ಥವಾಯಿತು. ಅರ್ಧ ಅವರ ಎದೆಯದು, ಅರ್ಧ ಕಾನ್‌ದು.

ತೊಡಕು ಎಲ್ಲಿ ಅಂದರೆ, ಇದೇ ಹರಡುವಿಕೆ ಮೇಲಿನ ಸ್ಥಾಯಿಯಲ್ಲಿ ಸ್ವಲ್ಪ ಸಡಿಲ ಅನಿಸುತ್ತದೆ. ತೋಡಿಯ ಗಾಂಧಾರ ಎಷ್ಟು ಬೇಕಾದರೂ ಅಲುಗಾಡುತ್ತದೆ, ಆದರೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪೂರ್ತಿ ನಮ್ಮ ಕಿವಿಯೇ ನೋಡಿಕೊಳ್ಳಬೇಕು. ಸುಸ್ತಾದ ದಿನ ಇದು ಕಷ್ಟ ಕೊಡುತ್ತದೆ ಅಂತ ಕೈಗೆ ತಕ್ಷಣ ಗೊತ್ತಾಯಿತು.

ಕಿಂಗ್ ಸೂಪರ್ 20

ಕಾನ್ ಇಟ್ಟು ಕಿಂಗ್ ಎತ್ತಿಕೊಂಡರೆ ಹಜಾರದಿಂದ ಬೀದಿಗೆ ಬಂದ ಹಾಗೆ. ದನಿ ಬಿಗಿಯಾಗಿ, ನೇರವಾಗಿ, ಎದುರಿನ ಗೋಡೆಗೆ ಹೋಗಿ ತಾಗುತ್ತದೆ. ನಾನು ನೋಡಿದ್ದು 1950ರ ದಶಕದ್ದು, ನೆಕ್ (ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಕೊಳವೆ) ಸ್ಟರ್ಲಿಂಗ್ ಬೆಳ್ಳಿಯದು. ಬೆಲ್ ಕೂಡ ಬೆಳ್ಳಿಯಲ್ಲಿರುವ ಸಿಲ್ವರ್ ಸಾನಿಕ್ ಅನ್ನುವ ಬಗೆಯೂ ಇದೆ, ಅದಕ್ಕೆ ಬೆಲೆ ಇನ್ನೂ ಜಾಸ್ತಿ. ಜಾಝ್ ವಾದಕ ರೋಲೆಂಡ್ ಕರ್ಕ್ ಕಿಂಗ್ ಟೆನರ್ ನುಡಿಸುತ್ತಿದ್ದರು. ಇನ್ನೊಬ್ಬ ಜಾಝ್ ವಾದಕ ಚಾರ್ಲಿ ಪಾರ್ಕರ್ ಹೆಸರೂ ಈ ಮಾಡೆಲ್ ಜೊತೆ ಕೇಳಿಬರುತ್ತದೆ, ಆದರೆ ಅವರದು ಆಲ್ಟೊ.

ಬೆಳ್ಳಿ ಬಗ್ಗೆ ಒಂದು ಮಾತು. ಬೆಳ್ಳಿಯಿಂದಲೇ ಈ ಹೊಳಪು ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. 1971ರಲ್ಲಿ ವಿಜ್ಞಾನಿ ಜಾನ್ ಕೋಲ್ಟ್‌ಮನ್ ಒಂದೇ ಆಕಾರದ ಕೊಳಲುಗಳನ್ನು ಬೆಳ್ಳಿ, ತಾಮ್ರ, ಮರದಲ್ಲಿ ಮಾಡಿಸಿ ಮರೆಯಲ್ಲಿ ನುಡಿಸಿದಾಗ ಕೇಳುಗರಿಗೂ ನುಡಿಸುವವರಿಗೂ ವ್ಯತ್ಯಾಸ ಹಿಡಿಯಲು ಆಗಿರಲಿಲ್ಲ. ಕೊಳಲು ಸ್ಯಾಕ್ಸ್ ಅಲ್ಲ, ನಿಜ. ಆದರೂ ಗಾಳಿ ತುಂಬಿದ ಜಾಗದ ಆಕಾರವೇ ದನಿಯನ್ನು ತೀರ್ಮಾನಿಸುತ್ತದೆ ಅನ್ನುವ ತರ್ಕ ಎರಡಕ್ಕೂ ಒಂದೇ. ಕಿಂಗ್‌ನ ನೆಕ್ಕಿನ ಒಳಗಿನ ಇಳಿಜಾರಿಗೆ ಹಣ ಕೊಡಿ, ಬೆಳ್ಳಿಗೆ ಕೊಡಬೇಡಿ.

ನಾಲ್ಕರಲ್ಲಿ ಬೆರಳಿಗೆ ಅತಿ ಹಗುರ ಕಿಂಗ್. ವೇಗದ ಸ್ವರಪ್ರಸ್ತಾರ ಇದರಲ್ಲಿ ಸಲೀಸು. ಮಂದ್ರವನ್ನು ಮೆತ್ತಗೆ ಹಿಡಿಯುವುದು ಮಾತ್ರ ಕಾನ್‌ನಷ್ಟು ಸುಲಭವಲ್ಲ. ಸ್ವಲ್ಪ ತಳ್ಳಬೇಕು. ತಳ್ಳಿದರೆ ಗುಡುಗುತ್ತದೆ. ಮದುವೆ ಚಪ್ಪರದಲ್ಲಿ ಡೋಲಿನ ಪಕ್ಕ ನಿಂತು ನುಡಿಸುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಬುಶರ್ ಅರಿಸ್ಟೊಕ್ರಾಟ್

ಇದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ಬೆಲೆಯೂ ಉಳಿದವಕ್ಕಿಂತ ಕಡಿಮೆಯೇ. ಶ್ರುತಿಯಲ್ಲಿ ನಾಲ್ಕರ ಪೈಕಿ ಇದೇ ಮೇಲು. ಕೆಳಗಿನಿಂದ ಮೇಲಿನವರೆಗೆ ದನಿಯ ಬಣ್ಣ ಬದಲಾಗುವುದಿಲ್ಲ, ದುಂಡಗೆ, ಸಿಹಿಯಾಗಿ ಬರುತ್ತದೆ. ಸಿಗುರ್ಡ್ ರಾಷರ್ ಅವರಂಥ ಪಾಶ್ಚಾತ್ಯ ಶಾಸ್ತ್ರೀಯ ವಾದಕರು ಬುಶರ್ ಅನ್ನೇ ಮೆಚ್ಚಿ ನುಡಿಸಿದ್ದು ಯಾಕೆ ಅಂತ ಗೊತ್ತಾಗುತ್ತದೆ. ಶಂಕರಾಭರಣ ಚೆನ್ನಾಗಿ ಬಂತು. ತೋಡಿ ಬಂದಾಗ ಇನ್ನೂ ಸ್ವಲ್ಪ ಖಾರ ಬೇಕಿತ್ತು ಅನಿಸಿತು.

ಮಾರ್ಟಿನ್ ಕಮಿಟಿ

ಎತ್ತಿದ ಕೂಡಲೇ ಭಾರ ಗೊತ್ತಾಗುತ್ತದೆ. ಬೇರೆ ಹೆಚ್ಚಿನ ಕಂಪನಿಗಳು ಕೊಳವೆಯ ಹಿತ್ತಾಳೆಯನ್ನೇ ಮೇಲಕ್ಕೆ ಎಳೆದು ತೂತಿನ ಗೋಡೆ ಮಾಡುತ್ತಿದ್ದವು. ಮಾರ್ಟಿನ್‌ನವರು ಪ್ರತಿ ತೂತಿಗೂ ದಪ್ಪ ಉಂಗುರವನ್ನು ಬೇರೆಯಾಗಿ ಮಾಡಿ, ಅಂಚನ್ನು ಓರೆಯಾಗಿ ಕಡೆದು, ಕೊಳವೆಗೆ ಬೆಸುಗೆ ಹಾಕುತ್ತಿದ್ದರು. ಪ್ಯಾಡ್ ಎತ್ತಿ ಒಳಗೆ ನೋಡಿದರೆ ಬೆಸುಗೆಯ ತೆಳು ಬೂದು ಗೆರೆ ಕೊಳವೆಯ ಸುತ್ತ ಕಾಣುತ್ತದೆ. ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಆದರೂ ದಶಕಗಳ ಕಾಲ ಬಿಡಲಿಲ್ಲ.

ದನಿ ಹೇಗಿದೆ? ಕಾನ್‌ನಷ್ಟೇ ದಪ್ಪ, ಆದರೆ ನಡುವೆ ಒಂದು ಗಟ್ಟಿ ತಿರುಳಿದೆ. ಮಂದ್ರದಲ್ಲಿ ಮೆತ್ತಗೆ ಊದಿದಾಗ ಕಪ್ಪು, ಆಳ. ಉಸಿರು ಸ್ವಲ್ಪ ಏರಿಸಿದರೆ ಅದರೊಳಗಿಂದಲೇ ಒರಟುತನ ಏಳುತ್ತದೆ, ಹಾಡುವವರ ಗಂಟಲು ಭಾವಕ್ಕೆ ಕಟ್ಟಿದಾಗ ಬರುವ ಒರಟುತನ. ನನ್ನನ್ನು ಹಿಡಿದು ನಿಲ್ಲಿಸಿದ್ದು ತೋಡಿಯ ಗಾಂಧಾರ. ತುಟಿ ಸಡಿಲಿಸಿದರೆ ಸ್ವರ ಸಲೀಸಾಗಿ ಕೆಳಗೆ ಜಾರುತ್ತದೆ, ಬಿಗಿ ಮಾಡಿದರೆ ಎಲ್ಲಿಗೆ ಬರಬೇಕೋ ಅಲ್ಲಿಗೆ ತಾನಾಗಿ ಬಂದು ಕೂರುತ್ತದೆ. ಯಮಾಹಾದಲ್ಲಿ ಜಾರಲು ಬಿಡುವುದಿಲ್ಲ, ಕಾನ್‌ನಲ್ಲಿ ವಾಪಸ್ ಬರುವುದು ನಮ್ಮದೇ ಹೊಣೆ. ಮಾರ್ಟಿನ್‌ನಲ್ಲಿ ಎರಡೂ ಇದೆ. ಪಂಚಮದಿಂದ ಮಧ್ಯಮಕ್ಕೆ ನಿಧಾನ ಜಾರು ಹಾಕಿ ಅದೇ ಉಸಿರಿನಲ್ಲಿ ಗಾಂಧಾರಕ್ಕೆ ಇಳಿದೆ. ಎಲ್ಲೂ ಮೆಟ್ಟಿಲು ಕೇಳಿಸಲಿಲ್ಲ. ರಿಪೇರಿಯವರು ಕೈಕೆಲಸ ನಿಲ್ಲಿಸಿ, ಇನ್ನೊಂದು ಸಲ ನುಡಿಸಿ ಅಂದರು.

ಗಮಕಕ್ಕೆ ಟೆನರ್ ಬೇಕು ಅನ್ನುವ ಕನ್ನಡಿಗರು ಯಾರಾದರೂ ಕೇಳಿದರೆ ನನ್ನ ಉತ್ತರ ಮಾರ್ಟಿನ್. ಇದರಲ್ಲಿ ನನಗೆ ಅನುಮಾನವಿಲ್ಲ.

ಬೆರಳಿನ ಕಷ್ಟ

ಹಾಗಾದರೆ ಎಲ್ಲರೂ ಯಾಕೆ ಫ್ರಾನ್ಸಿನ ಸೆಲ್ಮರ್ ಕಂಪನಿಯ ಸ್ಯಾಕ್ಸ್ ಕಡೆ ಹೋದರು? ಬೆರಳಿಗಾಗಿ. 1930ರ ದಶಕದ ನಡುವೆ ಬಂದ ಸೆಲ್ಮರ್ ಬ್ಯಾಲೆನ್ಸ್ಡ್ ಆ್ಯಕ್ಷನ್ ಬೆಲ್‌ನ ದೊಡ್ಡ ಕೀಗಳನ್ನು ಬಲಕ್ಕೆ ಸರಿಸಿತು. ಎಡಗೈ ಕಿರುಬೆರಳ ಕೆಲಸ ಹಗುರವಾಯಿತು. 1954ರಲ್ಲಿ ಮಾರ್ಕ್ 6 ಬಂದ ಮೇಲಂತೂ ಅದೇ ಎಲ್ಲರಿಗೂ ಮಾದರಿಯಾಯಿತು, ನನ್ನ ಯಮಾಹಾ ಕೂಡ ಅದೇ ದಾರಿಯದು. ಕಾನ್‌ನಲ್ಲಿ ಬೆಲ್ ಕೀಗಳು ಎಡಗಡೆಯೇ ಇವೆ. ಕಿರುಬೆರಳಿಂದ ಒತ್ತಿ ಹಿಡಿದು ಮಂದ್ರದಲ್ಲಿ ಓಡಾಡಿದರೆ ಮಣಿಕಟ್ಟು ನೋಯುತ್ತದೆ. ಸಣ್ಣ ಕೈಯವರು ಇದನ್ನು ಕೊಳ್ಳುವ ಮುಂಚೆ ಅರ್ಧ ಗಂಟೆಯಾದರೂ ಎಡೆಬಿಡದೆ ನುಡಿಸಿ ನೋಡಬೇಕು. ಆದರೆ ವಿಳಂಬದ ಆಲಾಪನೆಯೇ ನಿಮ್ಮ ಮುಖ್ಯ ಕೆಲಸವಾದರೆ ಈ ಕಷ್ಟ ಅಷ್ಟೊಂದು ಕಾಡುವುದಿಲ್ಲ.

ಕೊಳ್ಳುವವರಿಗೆ

ಅದೇ ಸ್ಥಿತಿಯ ಮಾರ್ಕ್ 6ಕ್ಕೆ ಹೋಲಿಸಿದರೆ ಈ ನಾಲ್ಕೂ ಅಗ್ಗ. ಆದರೆ ಹೊಸ ಪ್ಯಾಡ್, ಸೆಟ್ಟಿಂಗ್ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. 1920ರ ಆಸುಪಾಸಿನ ಇನ್ನೂ ಹಳೆಯದು ಕಣ್ಣಿಗೆ ಬಿದ್ದರೆ ಸೀರಿಯಲ್ ನಂಬರಿನ ಹತ್ತಿರ ಕೊರೆದ ಅಕ್ಷರ ನೋಡಿ. ಎಲ್ ಇದ್ದರೆ ಈಗಿನ ಶ್ರುತಿ. ಎಚ್ ಇದ್ದರೆ ಅದು ಆ ಕಾಲದ ಎತ್ತರದ ಶ್ರುತಿಯದು, ಮೌತ್‌ಪೀಸ್ ಎಷ್ಟು ಹೊರಗೆಳೆದರೂ ಬೇರೆ ವಾದ್ಯಗಳ ಜೊತೆ ಕೂಡುವುದಿಲ್ಲ. ಎಷ್ಟೇ ಹೊಳೆಯಲಿ, ಬಿಟ್ಟುಬಿಡಿ.

ಮಾರ್ಟಿನ್‌ನಲ್ಲಿ ನೋಡಬೇಕಾದ್ದು ಆ ಬೆಸುಗೆಯ ಗೆರೆ. ವರ್ಷಗಳ ತೇವಕ್ಕೆ ಬೆಸುಗೆ ತಿಂದುಹೋಗಿ ಉಂಗುರದ ಬುಡದಲ್ಲಿ ಗಾಳಿ ಸೋರಬಹುದು. ಹೊಸ ಪ್ಯಾಡ್ ಹಾಕಿದರೂ ಅದು ನಿಲ್ಲುವುದಿಲ್ಲ. ಮಂಗಳೂರಿನ ತೇವದಲ್ಲಿ ಇಡುವವರು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಕಾನ್‌ನಲ್ಲಿ ಸುತ್ತಿದ ಅಂಚನ್ನು ಯಾರಾದರೂ ಅರದಿಂದ ಉಜ್ಜಿದ್ದಾರಾ ನೋಡಿ. ಉಜ್ಜಿ ಉಜ್ಜಿ ಮಡಿಕೆ ಸವೆದಿದ್ದರೆ ಅದನ್ನು ಮತ್ತೆ ಸುತ್ತಿ ಕೊಡುವವರು ಸಿಗುವುದು ಕಷ್ಟ. ಬುಶರ್‌ನ ಪ್ಯಾಡ್‌ಗಳನ್ನು ಮೊದಲು ಅಂಟಿನಿಂದ ಕೂರಿಸುತ್ತಿರಲಿಲ್ಲ, ಲೋಹದ ಗುಂಡಿ ಒತ್ತಿ ಸಿಕ್ಕಿಸುತ್ತಿದ್ದರು. ಆ ಗುಂಡಿಗಳು ಇನ್ನೂ ಉಳಿದಿದ್ದರೆ ರಿಪೇರಿಗೆ ಕೊಡುವಾಗ ಕಿತ್ತೆಸೆಯಬೇಡಿ ಅಂತ ಮೊದಲೇ ಹೇಳಿ. ಕಿಂಗ್‌ನಲ್ಲಿ ಇಂಥ ತಲೆನೋವು ಕಡಿಮೆ. ಊರಿನಲ್ಲಿ ಆಲ್ಟೊ ರಿಪೇರಿ ಮಾಡುವವರೇ ಅದನ್ನು ನೋಡಿಕೊಳ್ಳಬಲ್ಲರು.