ಎಡ ಚಕ್ರ, ಬಲ ಚಕ್ರ: ಬ್ರೇಕ್ ಮಸಿಗೆ ಯಾವುದು ಮದ್ದು?

ನನ್ನ ಕಾರಿನ ಅಲಾಯ್ ಚಕ್ರಗಳು ಬೆಳ್ಳಿ ಬಣ್ಣದವು. ತೊಳೆದ ನಾಲ್ಕೇ ದಿನಕ್ಕೆ ಕಪ್ಪಾಗುತ್ತಿದ್ದವು. ಅದೂ ಮುಂದಿನ ಎರಡು ಮಾತ್ರ. ಹಿಂದಿನವು ಹದಿನೈದು ದಿನವಾದರೂ ಪರವಾಗಿಲ್ಲ ಅನ್ನುವ ಹಾಗಿರುತ್ತಿದ್ದವು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಅಲ್ವಾ? ಹಾಗಾಗಿ ಗಾಡಿ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕುಗಳದ್ದೇ. ಜೊತೆಗೆ ನನ್ನ ಕಾರಿಗೆ ಹಿಂದೆ ಇರುವುದು ಡ್ರಮ್ ಬ್ರೇಕ್. ಅದರ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿದುಬಿಡುತ್ತದೆ.

ಇದರಿಂದ ಒಂದು ಅನುಕೂಲವೂ ಆಯಿತು. ಮುಂದಿನ ಎಡ ಮತ್ತು ಬಲ ಚಕ್ರ ಹೆಚ್ಚೂಕಮ್ಮಿ ಒಂದೇ ರೀತಿ ಕಪ್ಪಾಗುತ್ತವೆ. ಒಂದಕ್ಕೆ ಒಂದು ಮದ್ದು, ಇನ್ನೊಂದಕ್ಕೆ ಬೇರೆ ಮದ್ದು ಹಾಕಿ ನೋಡಬಹುದು. ದಾರಿ ಅದೇ, ಬ್ರೇಕ್ ಒತ್ತುವ ಕಾಲೂ ಅದೇ. ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಹೀಗೆ ನೋಡುತ್ತಾ ಬಂದೆ.

ಶುರುವಿನಲ್ಲಿ ನಾನು ಈ ಕಪ್ಪು ಮಸಿಯನ್ನು ರಸ್ತೆಯ ಧೂಳು ಅಂತಲೇ ತಿಳಿದಿದ್ದೆ. ಅದು ತಪ್ಪು. ಮುಂದಿನ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವ ತಟ್ಟೆ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ತುಂಡು ಪ್ಯಾಡ್. ಬ್ರೇಕ್ ಒತ್ತಿದಾಗ ಪ್ಯಾಡೂ ಸವೆಯುತ್ತದೆ, ಡಿಸ್ಕೂ ಸವೆಯುತ್ತದೆ. ಡಿಸ್ಕ್ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಪ್ಯಾಡಿನಲ್ಲೂ ಎಷ್ಟೋ ಸಲ ಕಬ್ಬಿಣದ ನಾರು ಇರುತ್ತದೆ. ಅಂದರೆ ಚಕ್ರದ ಮೇಲೆ ಕೂರುವುದು ಬಹುಪಾಲು ಬಿಸಿಯಾಗಿ ಹಾರಿ ಬಂದ ಕಬ್ಬಿಣದ ಪುಡಿ. ಅದು ಚಕ್ರದ ಕ್ಲಿಯರ್ ಕೋಟಿಗೆ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ, ಕಚ್ಚಿಕೊಳ್ಳುತ್ತದೆ. ಮೇಲೆ ನೀರು ಬಿದ್ದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಹಳೆಯ ಚಕ್ರಗಳಲ್ಲಿ ಕಾಣುವ ಸಣ್ಣ ಸಣ್ಣ ಕಿತ್ತಳೆ ಚುಕ್ಕೆಗಳು ಅವೇ.

ಮೊದಲ ಸುತ್ತಿನಲ್ಲಿ ಬಲ ಚಕ್ರಕ್ಕೆ ಕಾರ್ ಶ್ಯಾಂಪೂ ಮತ್ತು ಮೆತ್ತನೆಯ ಬ್ರಷ್. ಎಡ ಚಕ್ರಕ್ಕೆ ಅದೇ ಶ್ಯಾಂಪೂ, ಆಮೇಲೆ ಐರನ್ ರಿಮೂವರ್, ಅಂದರೆ ಕಬ್ಬಿಣದ ಪುಡಿಯನ್ನು ಕರಗಿಸುವ ದ್ರಾವಣ.

ತೊಳೆದು ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಎರಡೂ ಒಂದೇ. ಎರಡೂ ಫಳಫಳ. ಆದರೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡಿದಾಗ ನಿಜ ಗೊತ್ತಾಯಿತು. ಬಲ ಚಕ್ರ ಉಪ್ಪುಕಾಗದದ ಹಾಗೆ ತರಿತರಿ, ಎಡ ಚಕ್ರ ಗಾಜಿನ ಹಾಗೆ ನುಣುಪು. ಶ್ಯಾಂಪೂ ಸಡಿಲ ಪುಡಿಯನ್ನು ತೆಗೆಯುತ್ತದೆ, ಕಚ್ಚಿಕೊಂಡದ್ದನ್ನು ತೆಗೆಯುವುದಿಲ್ಲ. ಹಾಗಂತ ಅದನ್ನು ಕಡೆಗಣಿಸಬೇಡಿ. ವಾರಕ್ಕೊಮ್ಮೆ ತೊಳೆಯುವವರಿಗೆ ಕಚ್ಚಿಕೊಳ್ಳುವ ಪುಡಿಯೇ ಕಡಿಮೆ.

ಐರನ್ ರಿಮೂವರ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಖುಷಿ. ಸಿಂಪಡಿಸಿದಾಗ ಬಣ್ಣವೇ ಇರುವುದಿಲ್ಲ. ಎರಡು ಮೂರು ನಿಮಿಷದಲ್ಲಿ ನೇರಳೆ ಬಣ್ಣ ಇಳಿಯತೊಡಗುತ್ತದೆ. ಇದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ಲವಣ ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣ ಅದು. ಕೂದಲಿಗೆ ಗುಂಗುರು ಹಾಕುವ ದ್ರಾವಣದಲ್ಲೂ ಇದೇ ಬಗೆಯ ವಸ್ತು ಇರುತ್ತದೆ. ಅದಕ್ಕೇ ಕೊಳೆತ ಮೊಟ್ಟೆಯಂಥ ಆ ಕೆಟ್ಟ ವಾಸನೆ. ಮುಚ್ಚಿದ ಗ್ಯಾರೇಜಿನಲ್ಲಿ ಒಮ್ಮೆ ಬಳಸಿ ತಲೆನೋವು ಬಂತು. ಈಗ ಬಯಲಿನಲ್ಲೇ, ಕೈಗವಸು ಹಾಕಿಕೊಂಡು ಮಾಡುತ್ತೇನೆ. ಚಕ್ರ ತಣ್ಣಗಿರಬೇಕು, ಬಿಸಿಲು ಬೀಳಬಾರದು, ಮದ್ದು ಮೇಲೆಯೇ ಒಣಗಬಾರದು. ಇನ್ನೊಂದು ವಿಷಯ, ಇದು ಕರಗಿಸುವುದು ಕಬ್ಬಿಣವನ್ನು ಮಾತ್ರ. ಡಾಂಬರು, ಜಿಡ್ಡು ಹಾಗೇ ಉಳಿಯುತ್ತವೆ. ಮೊದಲು ಶ್ಯಾಂಪೂ, ಆಮೇಲೆ ಇದು, ಈ ಕ್ರಮ ಬಿಡಬೇಡಿ. ಪ್ರತಿ ವಾರ ಬೇಕಾಗಿಲ್ಲ. ನನಗೆ ಮೂರು ತಿಂಗಳಿಗೊಮ್ಮೆ ಸಾಕಾಯಿತು.

ತರಿತರಿಯಾಗಿಯೇ ಉಳಿದಿದ್ದ ಬಲ ಚಕ್ರಕ್ಕೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕೊಳೆಯನ್ನು ಎಳೆದು ತೆಗೆಯುವ ಜೇಡಿಯಂಥ ಮುದ್ದೆ, ಉಜ್ಜಿ ನೋಡಿದೆ. ಕೆಲಸವೇನೋ ಆಯಿತು. ಆದರೆ ಒಂದೇ ಚಕ್ರಕ್ಕೆ ಮುಕ್ಕಾಲು ಗಂಟೆ, ಕಡ್ಡಿಗಳ ಸಂದಿಗೆ ಕೈ ಹೋಗುವುದಿಲ್ಲ, ಮೇಲಾಗಿ ಸಣ್ಣ ಗೀರುಗಳು. ಎರಡನೇ ಸಲ ಮಾಡಲಿಲ್ಲ.

ಇನ್ನು ಆಸಿಡ್ ಕ್ಲೀನರ್. ಈ ವಿಷಯದಲ್ಲಿ ನನಗೆ ನಿಜವಾಗಿ ಬೇಸರವಿದೆ. ‘ಹಾಕಿ, ತೊಳೆಯಿರಿ, ಮುಗೀತು’ ಅಂತ ಹೇಳಿ ಒಬ್ಬರು ಕೊಟ್ಟ ಬಾಟಲಿ ಅದು. ಹಿಂದಿನ ಒಂದು ಚಕ್ರದ ಮೇಲೆ ಪ್ರಯತ್ನಿಸಿದೆ. ಮಸಿ ಒಂದೇ ನಿಮಿಷದಲ್ಲಿ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಚಕ್ರದ ಅಂಚು ಹಿಂದೊಮ್ಮೆ ಫುಟ್‌ಪಾತ್ ಕಲ್ಲಿಗೆ ಉಜ್ಜಿ ಗೀರಾಗಿತ್ತು. ಕ್ಲಿಯರ್ ಕೋಟ್ ಹೋಗಿ ಬರಿ ಅಲ್ಯೂಮಿನಿಯಂ ಕಾಣುತ್ತಿದ್ದ ಆ ಜಾಗ ಬೂದು ಬಳಿದ ಹಾಗೆ ಮಂಕಾಯಿತು. ಇವತ್ತಿಗೂ ಹೋಗಿಲ್ಲ. ಚಕ್ರದ ಮಾತು ಬಿಡಿ. ಇಂಥ ಕೆಲವು ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅದು ಚರ್ಮಕ್ಕೆ ತಾಗಿದರೆ ಒಳಗೆ ಇಳಿಯುತ್ತದೆ, ಎಷ್ಟೋ ಸಲ ಗಂಟೆಗಳಾದ ಮೇಲೆ ನೋವು ಶುರುವಾಗುತ್ತದೆ. ಬಾಟಲಿಯ ಮೇಲೆ ಈ ಹೆಸರುಗಳನ್ನು ಕಂಡರೆ ದಯವಿಟ್ಟು ವಾಪಸ್ ಇಟ್ಟುಬಿಡಿ. ಚೀಟಿಯೇ ಇಲ್ಲದ ಬಾಟಲಿಯನ್ನಂತೂ ಮುಟ್ಟಲೇಬೇಡಿ.

ತೆಗೆಯುವುದು ಒಂದು ಕಡೆ. ಕಚ್ಚಿಕೊಳ್ಳದ ಹಾಗೆ ಮಾಡುವುದು ಇನ್ನೊಂದು ಕಡೆ. ನನ್ನ ಮನಸ್ಸು ಪೂರ್ತಿ ಬದಲಾಗಿದ್ದು ಇಲ್ಲೇ. ಎರಡೂ ಚಕ್ರ ಬಿಚ್ಚಿ, ಒಳಗೂ ಹೊರಗೂ ತೊಳೆದು, ಎರಡಕ್ಕೂ ಐರನ್ ರಿಮೂವರ್ ಹಾಕಿ ಒಂದೇ ಮಟ್ಟಕ್ಕೆ ತಂದೆ. ಎಡಕ್ಕೆ ಕಾರ್ನೂಬಾ ವ್ಯಾಕ್ಸ್, ಅಂದರೆ ಗಿಡದಿಂದ ಬರುವ ಒಂದು ಮೇಣ. ಬಲಕ್ಕೆ ಆಲ್ಕೋಹಾಲಿನಲ್ಲಿ ಒರೆಸಿ, ಚಕ್ರಗಳಿಗೆಂದೇ ಬರುವ ಸೆರಾಮಿಕ್ ಕೋಟಿಂಗ್, ಅಂದರೆ ಒಣಗಿ ಗಟ್ಟಿಯಾಗುವ ರಕ್ಷಣೆಯ ಲೇಪ.

ವ್ಯಾಕ್ಸ್ ಹಾಕುವುದು ಸುಲಭ, ಹತ್ತು ನಿಮಿಷದ ಕೆಲಸ. ಹೊಳಪೂ ಚೆಂದ. ಆದರೆ ಕಾರ್ನೂಬಾ ಮೇಣ ಕರಗುವುದು 80 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಮೇಲೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದ ಚಕ್ರದ ಹತ್ತಿರ ಕೈ ಹಿಡಿದರೆ ಗೊತ್ತಾಗುತ್ತದೆ, ಅಲ್ಲಿ ಮೇಣಕ್ಕೆ ಎಂಥ ಕಷ್ಟ ಅಂತ. ಮೂರು ವಾರಕ್ಕೆ ಎಡ ಚಕ್ರದ ಮೇಲೆ ನೀರು ಹನಿಗಟ್ಟುವುದು ನಿಂತಿತು, ಅಂದರೆ ಮೇಣದ ಪದರ ಹೋಗಿತ್ತು. ಬಲ ಚಕ್ರದ ಮೇಲೆ ಏಳನೇ ತಿಂಗಳಲ್ಲೂ ಹನಿಗಟ್ಟುತ್ತಿತ್ತು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕೋಟಿಂಗ್ ಹಾಕಿದರೆ ಮಸಿ ಕಡಿಮೆ ಬರುವುದಿಲ್ಲ. ಬಲ ಚಕ್ರವೂ ನಾಲ್ಕು ದಿನಕ್ಕೆ ಕಪ್ಪಾಗುತ್ತಲೇ ಇತ್ತು. ವ್ಯತ್ಯಾಸ ತೊಳೆಯುವಾಗ. ಬಲ ಚಕ್ರಕ್ಕೆ ಪೈಪಿನ ನೀರು ಬಿಟ್ಟರೆ ಮುಕ್ಕಾಲು ಪಾಲು ಹರಿದು ಹೋಗುತ್ತಿತ್ತು, ಉಳಿದದ್ದು ಬ್ರಷ್ ಆಡಿಸಿದರೆ ಮುಗಿಯಿತು. ಎಡ ಚಕ್ರಕ್ಕೆ ಕೂತು ಉಜ್ಜಬೇಕಿತ್ತು.

ಮಸಿಯೇ ಕಡಿಮೆ ಬರಬೇಕು ಅಂದರೆ ಪ್ಯಾಡ್ ಬದಲಿಸಬೇಕು. ಹಳೆಯ ಪ್ಯಾಡು 3 ಮಿಲಿಮೀಟರಿಗೆ ಬಂದಾಗ ನಾನು ಲೋಹದ ನಾರು ಹೆಚ್ಚಿರುವ ಸೆಮಿ ಮೆಟಾಲಿಕ್ ಪ್ಯಾಡ್ ಬಿಟ್ಟು, ಸೆರಾಮಿಕ್ ಪ್ಯಾಡ್ ಹಾಕಿಸಿದೆ. ಇಲ್ಲಿ ಎಡ ಬಲ ಪ್ರಯೋಗ ಮಾಡುವ ಹಾಗಿಲ್ಲ. ಎರಡೂ ಬದಿಗೆ ಒಂದೇ ಪ್ಯಾಡ್ ಇರಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಾಗಾಗಿ ಹಳೆಯ ಫೋಟೋಗಳ ಜೊತೆ ಹೋಲಿಸಿದೆ. ಮೊದಲು ನಾಲ್ಕು ದಿನಕ್ಕೆ ಕಪ್ಪಾಗುತ್ತಿದ್ದ ಚಕ್ರ ಈಗ ಎರಡು ವಾರವಾದರೂ ತಿಳಿ ಬೂದು ಬಣ್ಣಕ್ಕಷ್ಟೇ ತಿರುಗಿತ್ತು. ಸದ್ದೂ ತಗ್ಗಿತು. ಆದರೆ ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಮೊದಲ ಒಂದೆರಡು ಸಲ ಬ್ರೇಕಿನ ಹಿಡಿತ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ. ಬೆಟ್ಟದ ದಾರಿಯಲ್ಲಿ ಭಾರ ಹೊತ್ತು ಓಡಾಡುವ ಗಾಡಿಗೆ ನಾನಾದರೆ ಸೆರಾಮಿಕ್ ಹಾಕಿಸುವುದಿಲ್ಲ. ಚೆನ್ನಾಗಿರುವ ಪ್ಯಾಡನ್ನು ಮಸಿಗೋಸ್ಕರ ಸುಮ್ನೆ ಕಿತ್ತು ಬಿಸಾಡುವುದೂ ಬೇಡ.

ಮಸಿ ಚಕ್ರಕ್ಕೆ ಬರದ ಹಾಗೆ ಡಿಸ್ಕಿಗೂ ಚಕ್ರಕ್ಕೂ ನಡುವೆ ತಗಡಿನ ತಟ್ಟೆ ಕೂರಿಸುವ ಉಪಾಯವೂ ಇದೆ. ಅದನ್ನು ಮಾತ್ರ ಬೇಕೆಂದೇ ಬಿಟ್ಟೆ. ಬ್ರೇಕ್ ತಣ್ಣಗಾಗಲು ಗಾಳಿ ಬೇಕು, ಚಕ್ರದ ಅಂದಕ್ಕಾಗಿ ಅದನ್ನು ತಡೆಯಲು ನನಗೆ ಮನಸ್ಸಿಲ್ಲ.

ಯಾವ ಮದ್ದಾದರೂ ಸರಿ, ಒಣ ಮಸಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಅದು ಉಸಿರಿನೊಳಗೆ ಹೋಗುವಷ್ಟು ನುಣ್ಣಗಿರುತ್ತದೆ. ನೀರು ಹಾಕಿ ನೆನೆಸಿ, ಆಮೇಲೆ ಕೈ ಹಾಕಿ. ಚಕ್ರದ ಬಕೆಟ್, ಬಟ್ಟೆ ಬೇರೆಯೇ ಇರಲಿ. ಅದೇ ಬಟ್ಟೆ ಬಾಗಿಲಿಗೆ ಹೋದರೆ ಬಣ್ಣದ ಮೇಲೆ ಗೀರು ಖಂಡಿತ. ತೊಳೆದ ಮೇಲೆ ಸ್ವಲ್ಪ ದೂರ ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಡಿಸ್ಕಿನ ಮೇಲೆ ಬರುವ ತೆಳು ತುಕ್ಕು ಅಷ್ಟರಲ್ಲೇ ಹೋಗುತ್ತದೆ.

ಎಡ ಚಕ್ರಕ್ಕೆ ಈಗಲೂ ಹಾಕುವುದು ವ್ಯಾಕ್ಸೇ. ಮುಂದಿನ ತಿಂಗಳು ಅದಕ್ಕೂ ಕೋಟಿಂಗ್ ಹಾಕುತ್ತೇನೆ.